ಇನ್ನೂ ನೆಲ ಮುಟ್ಟಿಲ್ಲ

ಪುಟಾಣಿ ರಾಕೆಟ್ ಹಾರಿಸುವವರ ಸಂಘದಲ್ಲಿ ವರ್ಷವರ್ಷವೂ ಕಪ್ ಗೆಲ್ಲುತ್ತಿದ್ದವರು ಅಧ್ಯಕ್ಷರೇ. ನಿಯಮಗಳನ್ನು ಬರೆದವರೂ ಅವರೇ ಆದ್ದರಿಂದ ಯಾರಿಗೂ ಆಶ್ಚರ್ಯವಿರಲಿಲ್ಲ.

ಈ ಸಲದ ಪಂದ್ಯ ಸರಳವಾಗಿತ್ತು. ಪ್ಯಾರಾಚೂಟ್ ಬಿಚ್ಚಿಕೊಂಡು ಯಾರ ರಾಕೆಟ್ ಹೆಚ್ಚು ಹೊತ್ತು ತೇಲಿ ಇಳಿಯುತ್ತದೋ ಕಪ್ ಅವರದು. ಹಲ್ಲಿನ ಡಾಕ್ಟರಮ್ಮನ ರಾಕೆಟ್ ಒಂದು ನಿಮಿಷ ತೇಲಿ ಹುಲ್ಲಿನ ಮೇಲಿಳಿಯಿತು. ಅಧ್ಯಕ್ಷರದು ಅದರ ಅರ್ಧ ಹೊತ್ತಿಗೇ ಮೈದಾನದಂಚಿನ ಮರಕ್ಕೆ ಸಿಕ್ಕಿಕೊಂಡು ಜೋತಾಡಿತು. ಜನ ಡಾಕ್ಟರಮ್ಮನಿಗೆ ಚಪ್ಪಾಳೆ ತಟ್ಟಲು ಕೈಯೆತ್ತಿದರು.

"ಏಯ್, ವಾಚ್ ನಿಲ್ಲಿಸ್ಬೇಡ!" ಎಂದು ಅಧ್ಯಕ್ಷರು ಸಮಯ ನೋಡುತ್ತಿದ್ದ ಭಾವಮೈದುನನನ್ನು ಗದರಿದರು. "ನೆಲ ಮುಟ್ಟೋವರೆಗೂ ಅಂತ ನಿಯಮ. ಮುಟ್ಟಿದ್ಯಾ? ಇಲ್ವಲ್ಲ! ಅಂದ್ಮೇಲೆ ಇನ್ನೂ ಹಾರ್ತಾನೇ ಇದೆ."

"ಹಾರ್ಲಿ ಬಿಡಿ ಸಾರ್," ಎನ್ನುತ್ತ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ಎಲ್ಲಾ ರಾಕೆಟ್ಟೂ ಇಳಿದ ಮೇಲೇ ಕಪ್ ಕೊಡೋದು ಅಂತಾನೂ ನೀವೇ ಬರ್ದಿದ್ದೀರಿ. ನಮಗೇನೂ ಅವಸರ ಇಲ್ಲ."

ಅಧ್ಯಕ್ಷರು ಇಂಗು ತಿಂದ ಮಂಗನಂತಾದರು. ಕಪ್ ಮೇಜಿನ ಮೇಲೆ ಕಣ್ಣೆದುರಿಗೇ ಹೊಳೆಯುತ್ತಿತ್ತು. ಸ್ವಲ್ಪ ಹೊತ್ತು ಘನಗಂಭೀರವಾಗಿ ಮೋಡಗಳನ್ನು ನೋಡಿದರು. ಆಮೇಲೆ ತಡೆಯಲಾರದೆ, ಹಾರುತ್ತಲೇ ಇದೆಯೆಂದು ತಾವೇ ಸಾರಿದ್ದ ರಾಕೆಟ್ಟಿಗೆ ಕಲ್ಲು ಹೊಡೆಯತೊಡಗಿದರು. ಒಂದೂ ತಾಗಲಿಲ್ಲ. ರೇಗಿ, ಕಾಲಿನ ಚಪ್ಪಲಿಯನ್ನೇ ಕಿತ್ತು ಎಸೆದರು. ಅದು ಹೋಗಿ ರಾಕೆಟ್ಟಿನ ಪಕ್ಕದ ಕೊಂಬೆಯಲ್ಲಿ ಆರಾಮಾಗಿ ಕೂತಿತು.

ವಾಚಿನಿಂದ ಕಣ್ಣು ತೆಗೆಯದೆ ಭಾವಮೈದುನ ಕೇಳಿದ: "ಭಾವ, ಚಪ್ಪಲಿಗೂ ಟೈಮ್ ಹಿಡೀಲಾ?"