ಕಿತ್ತುಹಾಕಿದ ಆರು ಸಾಲು

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬ್ರೌಸರ್ ತಯಾರಿಸುವ ಆ ಕಚೇರಿಯಲ್ಲಿ ಉಳಿದವರು ಬರೆದ ಕೋಡನ್ನು ಓದಿ, ತಪ್ಪು ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯುತ್ತಿದ್ದರು, ಅದಕ್ಕೇ ಆ ಅಡ್ಡಹೆಸರು. ಅವರು ‘ಸರಿ’ ಅನ್ನದೆ ಒಂದಕ್ಷರವೂ ಹೊರಗಿನ ಜನರ ಕಂಪ್ಯೂಟರಿಗೆ ಹೋಗುವಂತಿರಲಿಲ್ಲ. ಅವರ ಕೈಕೆಳಗೆ ಒಂಬತ್ತು ವರ್ಷ ಬೈಸಿಕೊಂಡು ಪಳಗಿದವಳು ಅವಳು. ಶುಕ್ರವಾರ ಮೇಷ್ಟ್ರಿಗೆ ನಿವೃತ್ತಿ. ಸೋಮವಾರದಿಂದ ಆ ಕುರ್ಚಿ ಅವಳದು ಎಂದು ತೀರ್ಮಾನವಾಗಿತ್ತು.

ಬುಧವಾರ ಗ್ರಹಚಾರ ವಕ್ಕರಿಸಿತು. ಎಲ್ಲಿಯೋ ಕೂತ ಯಾರೋ ಪುಣ್ಯಾತ್ಮ, ನಿಮ್ಮ ಬ್ರೌಸರಿನಲ್ಲಿ ತೂತಿದೆ ಎಂದು ಪತ್ರ ಬರೆದಿದ್ದ. ವೆಬ್ ಪುಟವೊಂದು ಚಿತ್ರ ಕಳಿಸುವಾಗ ಅಳತೆಯನ್ನು ಚಿಕ್ಕದಾಗಿ ಹೇಳಿ ದೊಡ್ಡದನ್ನು ತುರುಕಿದರೆ, ಹೆಚ್ಚಾದದ್ದು ಕಂಪ್ಯೂಟರಿನ ಮೆಮೊರಿಯಲ್ಲಿ ಪಕ್ಕದ ಜಾಗಕ್ಕೆ ಚೆಲ್ಲುತ್ತಿತ್ತು. ಅದೇ ದಾರಿಯಲ್ಲಿ ಕಳ್ಳರು ನುಗ್ಗಿ ಜನರ ಪಾಸ್‌ವರ್ಡುಗಳನ್ನು ಬಾಚಿಕೊಂಡು ಹೋಗಬಹುದಿತ್ತು. ಹೇಳಿದ ಅಳತೆ ನಿಜವೋ ಸುಳ್ಳೋ ಎಂದು ನೋಡುವ ಆರು ಸಾಲು ಅಲ್ಲಿರಬೇಕಿತ್ತು. ಇರಲಿಲ್ಲ.

ಆ ಕಚೇರಿಯಲ್ಲೊಂದು ರೂಢಿ. ತೂತು ಸಿಕ್ಕಿದರೆ, ಅದು ಯಾರ ಕೈಯಿಂದ, ಹೇಗಾಯಿತು ಎಂದು ಹಾಳೆಯಲ್ಲಿ ಬರೆದು ಎಲ್ಲರೆದುರು ಓದಬೇಕು. ದಾಖಲೆ ತೆಗೆದು ನೋಡಿದರೆ ಮೇಷ್ಟ್ರ ಹೆಸರು! ಹಿಂದಿನ ವರ್ಷ ಹಳೆಯ ಕೋಡನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಿದವರು ಅವರೇ. ಹಾಗಾಗಿ ಹಿಂದೆ ಯಾರ್ಯಾರೋ ಮಾಡಿದ್ದಕ್ಕೆಲ್ಲ ದಾಖಲೆಯಲ್ಲಿ ಅವರ ಹೆಸರೇ ಅಂಟಿಕೊಂಡಿತ್ತು.

“ಕೊನೆಗೂ ಮೇಷ್ಟ್ರೇ ಫೇಲಾದ್ರು ನೋಡಿ,” ಎಂದು ಮ್ಯಾನೇಜರ್ ಹಲ್ಲು ಕಿರಿದ. ಕೆಂಪು ಗೆರೆ ತಿಂದಿದ್ದ ಒಂದಿಬ್ಬರಿಗೆ ಹಾಲು ಕುಡಿದಷ್ಟು ಸಂತೋಷ. ಮೇಷ್ಟ್ರು ಮುಂದಿನ ಕೋಡಿಗೆ ಕೆಂಪು ಗೆರೆ ಎಳೆಯತೊಡಗಿದರು.

ಅವಳಿಗೆ ನಿಜ ಗೊತ್ತಿತ್ತು. ಆ ಆರು ಸಾಲನ್ನು ಕಿತ್ತುಹಾಕಿದವಳು ಅವಳೇ. ಮೂರು ವರ್ಷದ ಹಿಂದೆ, ಚಿತ್ರ ಒಳಗೆ ಬರುವಾಗಲೇ ಒಮ್ಮೆ ಅಳೆದಿರುತ್ತಾರೆ, ಮತ್ತೆ ಅಳೆಯುವುದೇಕೆ, ಬ್ರೌಸರ್ ಚುರುಕಾಗಲಿ ಎಂದು ತೆಗೆದಿದ್ದಳು. ಆ ಮೊದಲ ಅಳತೆಯ ಕೋಡ್ ಬರೆಯಬೇಕಾದವನು, ಮುಂದೆ ಹೇಗೂ ಅಳೆಯುತ್ತಾರಲ್ಲ ಎಂದು ಬಿಟ್ಟಿದ್ದ. ಈಗ ಬಾಯಿ ಬಿಟ್ಟರೆ ಕುರ್ಚಿ ಕೈತಪ್ಪಿದ ಹಾಗೆ. ಸುಮ್ಮನಿದ್ದರೆ, ಮೂವತ್ತು ವರ್ಷ ಊರ ಮಂದಿಯ ತಪ್ಪು ತಿದ್ದಿದ ಮನುಷ್ಯ ತನ್ನದಲ್ಲದ ತಪ್ಪು ಹೊತ್ತು ಮನೆಗೆ ಹೋಗಬೇಕು. ಎರಡು ದಿನ ತೂತು ಮುಚ್ಚುವ ಕೋಡ್ ಬರೆಯುತ್ತ ಕೂತಳು.

ಶುಕ್ರವಾರ ಬೆಳಿಗ್ಗೆ ನೇರ ಅವರ ಮೇಜಿನ ಹತ್ತಿರ ಹೋದಳು. ಮೇಷ್ಟ್ರು ತಮ್ಮ ಲೋಟವನ್ನು ಹಳೆಯ ಕಾಗದದಲ್ಲಿ ಸುತ್ತುತ್ತಿದ್ದರು.

“ಮೇಷ್ಟ್ರೇ, ಅದನ್ನ ಕಿತ್ತಿದ್ದು ನಾನು.”

“ಗೊತ್ತಮ್ಮ. ಬುಧವಾರಾನೇ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಒಪ್ಪಿಗೆ ಕೊಟ್ಟೋನು ನಾನೇ ಅಲ್ವಾ. ಎಲ್ಲರದ್ದೂ ಎರಡೆರಡು ಸಲ ಓದ್ತಿದ್ದೆ. ಅವತ್ತು ನಿನ್ನ ಹೆಸರು ನೋಡ್ದೆ, ಓದದೇನೇ ಸರಿ ಅಂದ್ಬಿಟ್ಟೆ.”

ಅವಳಿಗೆ ಅಳು ಉಕ್ಕಿ ಬಂತು. ಒಂಬತ್ತು ವರ್ಷದಲ್ಲಿ ಈ ಮನುಷ್ಯ ಒಂದು ದಿನವಾದರೂ ಭೇಷ್ ಅಂದಿರಲಿಲ್ಲ. ಅವತ್ತು ಓದದೆ ಸರಿ ಅಂದದ್ದೇ ಆ ಭೇಷ್, ಅವಳಿಗೇ ತಿಳಿಯದ ಹಾಗೆ.

ಮಧ್ಯಾಹ್ನ ಎಲ್ಲರೆದುರು ನಿಂತು ತಾನೇ ಬರೆದ ಹಾಳೆ ಓದಿದಳು. ಮೊದಲ ಸಾಲಿನಲ್ಲೇ ತನ್ನ ಹೆಸರು. ಮ್ಯಾನೇಜರನ ಮುಖ ಇಂಗು ತಿಂದ ಮಂಗನ ಮುಖವಾಯಿತು. “ಕುರ್ಚಿ ವಿಷಯ ಆಮೇಲೆ ನೋಡೋಣ,” ಅಂದ. ಅವಳಿಗೆ ಸಂಕಟವಾಯಿತು, ಆದರೂ ಎರಡು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಆಡಿತು.

“ಓದದೆ ಒಪ್ಪಿದ್ದು ನಾನು, ಅದನ್ನೂ ಸೇರಿಸಿ,” ಎಂದು ಹಿಂದಿನಿಂದ ಮೇಷ್ಟ್ರು ಹೇಳಿದರು. ಯಾರೂ ನಗಲಿಲ್ಲ.

ಬೀಳ್ಕೊಡುಗೆಯ ಚಹಾ ಬಂತು. ಮೇಷ್ಟ್ರು ಅತ್ತ ತಿರುಗಲಿಲ್ಲ. ಕಟ್ಟಿಟ್ಟಿದ್ದ ಚೀಲ ಬಿಚ್ಚಿ ಕನ್ನಡಕ ತೆಗೆದರು.

“ಹೊಸದಾಗಿ ಬರ್ದಿದ್ದೀಯಲ್ಲ, ತಾ ಇಲ್ಲಿ. ಈ ಸಲ ಓದ್ತೀನಿ.”

ಓದಿದರು. ಮತ್ತೊಮ್ಮೆ ಓದಿದರು. ಚಹಾ ತಣ್ಣಗಾಯಿತು. ಆಮೇಲೆ ನಾಲ್ಕನೇ ಸಾಲಿಗೆ ಉದ್ದಕ್ಕೂ ಕೆಂಪು ಗೆರೆ ಎಳೆದು, “ಇದೇನೇ ಇದು, ಕಣ್ಣು ಮುಚ್ಕೊಂಡು ಬರ್ದ್ಯಾ?” ಅಂದರು.

ಅವಳು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತು ತಿದ್ದತೊಡಗಿದಳು.