ಎಡಗಡೆಯ ಬಾಗಿಲು

ಬಾಗಿಲಿನ ನೆಗ್ಗಿನ ಮೇಲೆ ಶಾಂತಪ್ಪ ಮತ್ತೊಮ್ಮೆ ಕೈಯಾಡಿಸಿದ. ಕಾರಿನ ಎಡಗಡೆಯ ಮುಂದಿನ ಬಾಗಿಲು ಹಿಡಿಕೆಯ ಕೆಳಗೆ ಒಳಕ್ಕೆ ಕುಸಿದು, ಬಿಳಿ ಬಣ್ಣ ಸಿಪ್ಪೆಯ ಹಾಗೆ ಎದ್ದಿತ್ತು. ಎಳೆದರೆ ತೆರೆಯುತ್ತಿರಲಿಲ್ಲ. ಶನಿವಾರ ಬಾಡಿಗೆಗೆ ಒಯ್ದಿದ್ದ ಹುಡುಗರು ಉಪ್ಪಲ್ ಹತ್ತಿರ ರಸ್ತೆಯ ಕಟ್ಟೆಗೆ ತಾಗಿಸಿಕೊಂಡು ಬಂದು, "ಸಾರಿ ಅಣ್ಣಾ" ಎಂದು ಕೀಲಿ ಕೊಟ್ಟು ಹೋಗಿದ್ದರು.

"ಬಾಡಿಗಿ ಗಾಡಿ ಅಂದಮ್ಯಾಲ ಇದೆಲ್ಲ ಇರೂದರಿ," ಎಂದಳು ಶಿವದೇವಿ. ಯಾದಗಿರಿ ಕಡೆಯ ಆಕೆ ಮಾದಾಪುರದಲ್ಲಿ ಶಾಂತಪ್ಪ ಬಾಡಿಗೆ ಗಾಡಿಗಳನ್ನು ನಿಲ್ಲಿಸುತ್ತಿದ್ದ ಅಂಗಳದಲ್ಲಿ ವಾಪಸು ಬಂದ ಕಾರುಗಳನ್ನು ತೊಳೆಯುತ್ತಿದ್ದಳು. "ಗ್ಯಾರೇಜಿಗೆ ಕಳಿಸಿದ್ರ ಸರಿ ಆಗತೈತಿ."

"ಬ್ಯಾರೆ ಗಾಡಿ ಆಗಿದ್ರ ನಾನೂ ಹಂಗ ಅಂತಿದ್ದೆ. ಇದು ವತ್ಸಲಾ ಅಕ್ಕಾರದು. ಇವತ್ತ ಬರ್ತಾರ."

ವತ್ಸಲಾ ನಾಂಪಲ್ಲಿಯ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದರು. ಗಂಡ ರಾಮದಾಸರು ತೀರಿಕೊಂಡ ಮೇಲೆ ಕಾರು ಮನೆ ಮುಂದೆ ನಿಂತೇ ಇತ್ತು. ಬ್ಯಾಟರಿ ಸತ್ತಿತ್ತು, ಬಾನೆಟ್ಟಿನೊಳಗೆ ಇಲಿಗಳು ಹೊಕ್ಕು ವೈರು ಕಡಿದಿದ್ದವು. ರಾಮದಾಸರ ಊರಿನವನೇ ಆದ ಶಾಂತಪ್ಪ, "ನಿಂತ ಗಾಡಿ ಕೆಡತೈತ್ರಿ ಅಕ್ಕಾರ, ಓಡ್ಲಿ" ಎಂದು ಒಪ್ಪಿಸಿ ತನ್ನ ಬಾಡಿಗೆ ಗಾಡಿಗಳ ಜೊತೆ ಸೇರಿಸಿಕೊಂಡಿದ್ದ. ಐಟಿ ಕಂಪನಿಗಳ ಹುಡುಗರು ರಜೆ ಬಂದರೆ ಅದನ್ನು ಶ್ರೀಶೈಲಕ್ಕೋ ವಿಕಾರಾಬಾದಿಗೋ ಓಡಿಸಿಕೊಂಡು ಹೋಗುತ್ತಿದ್ದರು. ಪ್ರತಿ ಸೋಮವಾರ ಕಚೇರಿ ಮುಗಿಸಿ ವತ್ಸಲಾ ಬರುತ್ತಿದ್ದರು. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಎಡಗಡೆಯ ಬಾಗಿಲು ತೆರೆದು ಮೊದಲಿನ ತಮ್ಮ ಜಾಗದಲ್ಲೇ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಆ ಹೊತ್ತಿಗೆ ಶಿವದೇವಿ ಪೈಪಿನ ನೀರನ್ನೂ ನಿಲ್ಲಿಸುತ್ತಿದ್ದಳು.

ಶಾಂತಪ್ಪ ಗಾಡಿಯನ್ನು ನೆಗ್ಗಿದ ಕಡೆ ಕಾಣದ ಹಾಗೆ ಗೋಡೆಗೆ ಒತ್ತಿ ನಿಲ್ಲಿಸಿದ.

"ಗ್ವಾಡಿಗೆ ಹಚ್ಚಿ ಯಾಕ ನಿಲ್ಲಿಸೀರಿ ಶಾಂತಪ್ಪ? ನಾ ಹೆಂಗ ಕೂಡ್ಲಿ?" ಬಂದವರೇ ವತ್ಸಲಾ ಕೇಳಿದರು.

ಅವನು ನೆಪ ಹೇಳಹೋಗಿ ಬಿಟ್ಟ. ಗಾಡಿಯನ್ನು ಅಂಗಳದ ನಡುವೆ ತಂದು ನಿಲ್ಲಿಸಿದ. ವತ್ಸಲಾ ನೆಗ್ಗನ್ನು ನೋಡಿದರು. ಹಿಡಿಕೆ ಎಳೆದರು. ಮತ್ತೊಮ್ಮೆ ಎಳೆದರು.

"ಯಾರಿಗಾರ ಪೆಟ್ಟಾತೇನು?"

"ಇಲ್ಲರಿ, ಯಾರಿಗೂ ಏನೂ ಆಗಿಲ್ಲ."

"ಹಂಗಾರ ಇರ್ಲಿ ಬಿಡ್ರಿ." ಹಾಗೆಂದರೂ ಕೈ ಹಿಡಿಕೆಯನ್ನು ಬಿಡಲಿಲ್ಲ.

ಶಾಂತಪ್ಪನಿಗೆ ಅದನ್ನು ನೋಡಲಾಗಲಿಲ್ಲ. "ಇನ್ನ ಯಾರಿಗೂ ಇದನ್ನ ಕೊಡಂಗಿಲ್ಲರಿ ಅಕ್ಕಾರ. ರಿಪೇರಿ ಮಾಡ್ಸಿ ನಿಮ್ಮ ಮನಿ ಮುಂದ ತಂದು ನಿಲ್ಲಸ್ತೀನಿ."

"ನಿಲ್ಲಿಸಿ? ಮತ್ತ ಇಲಿಗೆ ಹಾಕೂದೇನು?" ನಗಲು ಹೋದ ದನಿ ನಡುವೆಯೇ ಒಡೆಯಿತು.

ಅವರು ಸುತ್ತು ಹಾಕಿ ಬಲಗಡೆಯ ಬಾಗಿಲು ತೆರೆದು ಕೂತರು. ಅಲ್ಲಿಂದ ತಮ್ಮ ಜಾಗಕ್ಕೆ ಸರಿಯಬೇಕೆಂದಿದ್ದರೇನೋ. ಗೇರಿನ ಕೋಲು ದಾಟಿ ಮಂಡಿ ಹೋಗಲಿಲ್ಲ. ಅಲ್ಲೇ ಉಳಿದರು. ಶನಿವಾರ ಓಡಿಸಿದವನು ಎತ್ತರದ ಆಳಿರಬೇಕು. ಸೀಟು ಬಹಳ ಹಿಂದಿತ್ತು, ಅವರ ಕಾಲು ಪೆಡಲಿಗೆ ಎಟುಕಲಿಲ್ಲ.

"ಕಲಸ್ತೀನಿ ಬಾ ಅಂತ ಅವ್ರು ಎಷ್ಟ ಸಲ ಕರದ್ರು," ಎಂದರು, ಸ್ಟೇರಿಂಗಿನ ಮೇಲೆ ಬೆರಳಿಟ್ಟು. "ನೀವು ಇದ್ದೀರಲ್ಲ, ನನಗ್ಯಾಕ ಅಂತಿದ್ದೆ."

ಶಾಂತಪ್ಪ ಬಾಗಿಲ ಹತ್ತಿರ ಬಂದ. ಬಗ್ಗಿ, "ಸೀಟಿನ ಕೆಳಗ ಒಂದು ಸಳಿ ಐತ್ರಿ. ಎತ್ತಿ ಹಿಡದು ಮುಂದ ಸರೀರಿ," ಎಂದ. ಸೀಟು ಕರ್ ಎಂದು ಜಾರಿತು. ವತ್ಸಲಾ ಎರಡೂ ಪಾದ ಊರಿ ನೋಡಿದರು. ಚಪ್ಪಲಿ ಬಿಟ್ಟು ಮತ್ತೊಮ್ಮೆ ಊರಿದರು.

"ಕೀಲಿ ಕೊಡ್ರಿ."

ಪಕ್ಕದ ಬಾಗಿಲು ತೆರೆಯದ್ದರಿಂದ ಶಾಂತಪ್ಪ ಹಿಂದಿನ ಸೀಟು ಹತ್ತಿ, ಎರಡು ಸೀಟುಗಳ ನಡುವೆ ಕತ್ತು ತೂರಿಸಿದ. ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲಿತ್ತು. "ಎಡಗಾಲು ಪೂರಾ ಒತ್ರಿ. ಗೇರ್ ನಾ ಹಾಕ್ತೀನಿ. ಈಗ ಮೆಲ್ಲಕ ಬಿಡ್ರಿ. ಮೆಲ್ಲಕ."

ಗಾಡಿ ಒಮ್ಮೆ ಕುಪ್ಪಳಿಸಿ ಸತ್ತಿತು. ಮತ್ತೆ ಚಾಲೂ ಮಾಡಿದರು, ಮತ್ತೆ ಸತ್ತಿತು.

"ಭಾಳ ಹೆದರ್ಕಿ ಆಗಾಕತ್ತೈತಿ ಶಾಂತಪ್ಪ."

"ನನಗೂ ಆಗಾಕತ್ತೈತ್ರಿ."

ಈ ಸಲ ವತ್ಸಲಾ ನಿಜವಾಗಿ ನಕ್ಕರು. ನಗುತ್ತಲೇ ಕಾಲು ಸಡಿಲಿಸಿದರು. ಗಾಡಿ ಸದ್ದಿಲ್ಲದೆ ಹೊರಟೇಬಿಟ್ಟಿತು.

ಶಿವದೇವಿ ದಾರಿಯಲ್ಲಿದ್ದ ಬಕೀಟನ್ನು ಕಾಲಿನಿಂದ ಬದಿಗೆ ನೂಕಿ ಗಾಡಿಯ ಮುಂದೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಕೈಗಳನ್ನು ಎತ್ತಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಕರೆಯತೊಡಗಿದಳು: "ಬರ್ರಿ... ಹಾಂ, ಬರ್ರಿ... ಇನ್ನ ಜಾಗಾ ಐತಿ, ಬರ್ರಿ..."