ಗಯಾಬಾಯಿಯ ಅಟ್ಟ

ಧನರಾಜ ಅಟ್ಟದ ಬೀಗಕ್ಕೆ ಸುತ್ತಿಗೆಯ ಎರಡನೆಯ ಏಟು ಹಾಕಿದಾಗ ಅಂಗಳದಲ್ಲಿ ಚರ್ಚಿನವರ ಹಾಡು ಥಟ್ಟನೆ ನಿಂತಿತು.

"ಜರಾ ಮೆಲ್ಲಕ ಬಡೀರಿ," ಏಣಿ ಹಿಡಿದು ನಿಂತಿದ್ದ ಹೆಂಡತಿ ಪೂನಂ ಹಲ್ಲು ಕಚ್ಚಿ ಹೇಳಿದಳು. "ಹೊರಗ ಅತ್ತಿ ಪೆಟಗ್ಯಾಗ ಮಲಗ್ಯಾರ. ಮಂದಿ ಏನಂದಾರು?"

"ಮಂದಿಗೆ ನೀರು, ಚಾ ಬೇಕೋ ಬ್ಯಾಡೋ? ಭಾಂಡೆ ಎಲ್ಲಾ ಮ್ಯಾಲ ಅವ. ಚಾವಿ ಎಲ್ಲದ?"

"ಅವರ ಸೊಂಟದಾಗ."

ಅದು ನಿಜವೇ. ಧನರಾಜನ ತಾಯಿ ಗಯಾಬಾಯಿಯ ಸೊಂಟದ ಚೀಲಕ್ಕೆ ಕೈ ಹಾಕುವ ಧೈರ್ಯ ಅವಳು ಬದುಕಿದ್ದಾಗ ಯಾರಿಗೂ ಇರಲಿಲ್ಲ, ಈಗಲೂ ಇರಲಿಲ್ಲ. ಬೆಳಿಗ್ಗೆ ಅವಳಿಗೆ ಸ್ನಾನ ಮಾಡಿಸಿ ಬಿಳಿ ಸೀರೆ ಉಡಿಸಿದ ಹೆಂಗಸರು ಆ ಚೀಲವನ್ನು ಇದ್ದಲ್ಲಿಯೇ ಮತ್ತೆ ಕಟ್ಟಿ ಕೈ ತೊಳೆದುಕೊಂಡಿದ್ದರು.

ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವುದು ಗಯಾಬಾಯಿಯ ಕಸುಬು. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಹೆಗಲಿಗೆ ಬಟ್ಟೆಯ ಗಂಟು. ಹುಮನಾಬಾದಿನ ಓಣಿಗಳನ್ನು ಮುಗಿಸಿ ಬಸ್ಸು ಹತ್ತಿದಳೆಂದರೆ ರಾಜೇಶ್ವರ, ಬಸವಕಲ್ಯಾಣ, ಒಮ್ಮೊಮ್ಮೆ ಕೊಹಿನೂರ ಹಳ್ಳಿಯ ತನಕ. ಸೀರೆಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಡಬ್ಬಿ ಕೊಟ್ಟರೆ ಮುಚ್ಚಳ ಕೊಡುತ್ತಿರಲಿಲ್ಲ. ಮುಚ್ಚಳಕ್ಕೆ ಇನ್ನೊಂದು ಪ್ಯಾಂಟು ತರಬೇಕಿತ್ತು. ಬುಟ್ಟಿಯಲ್ಲಿ ಒಳ್ಳೆಯ ಪಾತ್ರೆ ಕಣ್ಣಿಗೆ ಬಿತ್ತೋ, ಅದು ಗಿರಾಕಿಗೆ ಹೋಗದೆ ಸೀದಾ ಮನೆಯ ಅಟ್ಟ ಸೇರುತ್ತಿತ್ತು. ಅಟ್ಟ ತುಂಬಿದಾಗ ಬಡಗಿಯನ್ನು ಕರೆಸಿ ಅಟ್ಟವನ್ನೇ ದೊಡ್ಡದು ಮಾಡಿಸಿದ ಹೆಂಗಸು ಅವಳು.

ಆ ಅಟ್ಟದ ಮೇಲೆ ಧನರಾಜನ ಕಣ್ಣು ಮೊದಲಿನಿಂದಲೂ ಇತ್ತು. ಹೆಂಡತಿಯ ಜೊತೆ ಬಸವಕಲ್ಯಾಣದಲ್ಲಿದ್ದು ಬಾಡಿಗೆಯ ಲೋಡ್ ಆಟೋ ಓಡಿಸಿ ಸಾಕಾಗಿತ್ತು ಅವನಿಗೆ. ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ನೋಡಿಟ್ಟಿದ್ದ. 'ಧನರಾಜ ಸ್ಟೀಲ್ ಭಾಂಡಾರ' ಎಂದು ಬೋರ್ಡು ಕೂಡ ಬರೆಸಿಬಿಟ್ಟಿದ್ದ. ಬೋರ್ಡು ಇತ್ತು, ಮಳಿಗೆ ಇತ್ತು, ಪಾತ್ರೆ ಮಾತ್ರ ಅವ್ವನ ಅಟ್ಟದಲ್ಲಿದ್ದವು. ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಅವು ನನ್ನವಲ್ಲೋ ಧನ್ಯಾ." ಜಿಪುಣರ ಬಾಯಲ್ಲಿ ಇನ್ನೇನು ಬಂದೀತು ಎಂದುಕೊಂಡು ಅವನು ಆಟೋ ಹತ್ತುತ್ತಿದ್ದ.

ಮೂರನೆಯ ಏಟಿಗೆ ಬೀಗ ಬಿತ್ತು. ಬಾಗಿಲು ತೆರೆದ ಧನರಾಜನ ಬಾಯಿಯೂ ತೆರೆಯಿತು. ಕೊಡ, ಪರಾತ, ಬೋಗೋಣಿ, ಡಬ್ಬಿ, ತಂಬಿಗೆ, ಒಂದರ ಮೇಲೊಂದು ಸೂರಿನ ತನಕ. ಒಂದರ ಮೇಲೂ ಧೂಳಿಲ್ಲ.

"ಯವ್ವಾ ನಮ್ಮವ್ವಾ! ಒಂದಲ್ಲ, ಎರಡು ಅಂಗಡಿ ಆಗ್ತಾವಲ್ಲೇ!" ಎನ್ನುತ್ತ ಅವನು ಒಂದು ಕೊಡವನ್ನು ಕೆಳಕ್ಕೆ ಕೊಟ್ಟ.

ಪೂನಂ ಅದನ್ನು ಹಿಡಿದು ತಿರುಗಿಸಿ ನೋಡಿದಳು. "ಇದರ ಮ್ಯಾಲ ಹುಮೇರಾ ಅಂತ ಅದ. ಬಾಜೂ ಮನಿ ಹುಮೇರಾ ಆಪಾದೇನ್ರಿ ಇದು?"

ಧನರಾಜ ಇನ್ನೊಂದನ್ನು ತೆಗೆದು ನೋಡಿದ. ಕಾಂತಾಬಾಯಿ ಎಂದಿತ್ತು. ಮತ್ತೊಂದು, ಬಸವಣಪ್ಪ. ಮತ್ತೊಂದು, ಸುಜಾತಾ. ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಬಡಿದ ಅಕ್ಷರಗಳು. ಎಷ್ಟು ತೆಗೆದರೂ ಬೇರೆಯವರ ಹೆಸರೇ. ಗಯಾಬಾಯಿ ಎಂದು ಒಂದರ ಮೇಲೂ ಇಲ್ಲ.

ಅವನು ಏಣಿಯ ಎರಡು ಮೆಟ್ಟಿಲು ಇಳಿದು ಹೆಂಡತಿಯ ಕಿವಿಗೆ ಬಗ್ಗಿದ.

"ಪೂನಂ," ಅವನು ಪಿಸುಗುಟ್ಟಿದ, "ಅವ್ವ ಮಂದಿ ಭಾಂಡೆ ಗಿರವಿ ಇಟ್ಕೊಳ್ಳಾಕತ್ತಿದ್ಲು."

"ಏನಂತೀರಿ! ವಾರಾ ವಾರಾ ಚರ್ಚಿನಾಗ ಮುಂದಿನ ಸಾಲಿಗೆ ಕೂಡ್ತಿದ್ರಲ್ರಿ!"

"ಅದಕ್ಕಾ ಹೇಳಾಕತ್ತೇನಿ. ಹೊರಗ ಗೊತ್ತಾತು ಅಂದ್ರ ಇಜ್ಜತ್ ಹೋತು. ಹೆಸರು ಗ್ವಾಡಿ ಕಡಿ ಮಾಡಿ ಇಡು."

* * *

ಹೀಗಾಗಿ ಗಯಾಬಾಯಿಯ ಮಣ್ಣಿಗೆ ಬಂದವರಿಗೆ ಅಂದು ಮುಖ ಗೋಡೆಗೆ ತಿರುಗಿಸಿಕೊಂಡ ಪಾತ್ರೆಗಳಿಂದ ನೀರು, ಚಹಾ ಸಿಕ್ಕಿತು. ಧನರಾಜ ಕೊಡಗಳ ಮುಂದೆ ಪೊಲೀಸಿನವನ ಹಾಗೆ ನಿಂತುಬಿಟ್ಟಿದ್ದ. ತಾಯಿಯ ದುಃಖಕ್ಕೆ ಮಗ ಮಂಕಾಗಿದ್ದಾನೆ ಎಂದು ಬಂದವರು ಮರುಗಿದರು.

ಅಳುವವರು ಅಳುತ್ತಿದ್ದರು. ಆದರೆ ಗಯಾಬಾಯಿಯ ಮಾತು ಬಂದರೆ ಎಷ್ಟು ಹೊತ್ತು ಅಳಲಾದೀತು? ರಾಜೇಶ್ವರದಿಂದ ಬಂದಿದ್ದ ಕಿರಾಣಿ ಅಂಗಡಿಯ ಬಸವಣಪ್ಪ ಶುರು ಮಾಡಿದ. "ನನ್ನ ಒಂದು ಪ್ಯಾಂಟಿನ ಕುಂಡಿ ಹರದಿತ್ತರಿ. ನಾ ಮಡಚಿ ಕೊಟ್ಟೆ. ಆಕಿ ಬಿಚ್ಚಿ, ನಟ್ಟ ನಡು ಬಜಾರದಾಗ ಎತ್ತಿ ಹಿಡಿದು, 'ಸಾವ್ಕಾರ್ರ, ಇದರೊಳಗಿಂದ ಇಡೀ ರಾಜೇಶ್ವರ ಕಾಣಾಕತ್ತದ' ಅಂದ್ಲು. ಅವತ್ತಿಂದ ನಾ ಮಾತು ಬಿಟ್ಟಿದ್ದೆ. ಆದ್ರೂ ಮಣ್ಣಿಗೆ ಬರದಾ ಇರಾಕ ಆಗ್ಲಿಲ್ಲ ನೋಡ್ರಿ."

ಪೆಟ್ಟಿಗೆಯ ಪಕ್ಕ ಕುಳಿತಿದ್ದ ಕಾಂತಾಬಾಯಿ ಸೆರಗು ಬಾಯಿಗಿಟ್ಟುಕೊಂಡಳು. ಅವಳೂ ಪಾತ್ರೆ ಮಾರುವವಳೇ, ಗಯಾಬಾಯಿಯ ಜೀವದ ಗೆಳತಿ.

ಅಷ್ಟರಲ್ಲಿ ಚಹಾ ಕೊಡಲು ನೆರವಿಗೆ ಬಂದಿದ್ದ ಪಕ್ಕದ ಮನೆಯ ಹುಮೇರಾ ನೀರು ಬಗ್ಗಿಸಲು ಕೊಡವನ್ನು ತಿರುಗಿಸಿದಳು.

"ಯಾ ಅಲ್ಲಾ! ಇದರ ಮ್ಯಾಲ ನನ್ನ ಹೆಸರದ!"

ಧನರಾಜ ಓಡಿಬಂದ. "ಆಪಾ, ಮೆಲ್ಲಕ! ಸುಮ್ನ ಮನಿಗೆ ಒಯ್ದುಬಿಡ್ರಿ. ಬಡ್ಡಿ ಗಿಡ್ಡಿ ಏನೂ ಬ್ಯಾಡ. ಅವ್ವನ ಹೆಸರು ಕೆಡಸಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ."

"ಯಾತರ ಬಡ್ಡಿನಪ್ಪಾ?"

"ಗಿರವಿ ಇಟ್ಟಿದ್ದಿರಲ್ಲ..."

"ನಾ ಗಿರವಿ ಇಟ್ಟೆ? ನಮ್ಮ ಮನ್ಯಾಗ ಇಂಥಾ ಕೊಡ ಇದ್ದಿದ್ರ ತಲಿ ಮ್ಯಾಲ ಹೊತ್ಕೊಂಡು ಮೆರೀತಿದ್ದೆ, ಗಿರವಿ ಯಾಕ ಇಡ್ತಿದ್ದೆ?" ಹುಮೇರಾಳ ದನಿ ಏರಿತು. "ಇದು ನಂದಲ್ಲ. ಆದ್ರ ಹೆಸರು ನಂದಾ!"

ಅಂಗಳವೆಲ್ಲ ಇತ್ತ ತಿರುಗಿತು. ಕಾಂತಾಬಾಯಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯ ಅಂಚು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಗಿರವಿ ಅಂತ! ಕೇಳಿದೇನಾ ಗಯಾ? ನಿನ್ನ ಮಗ ನಿನ್ನ ಮಾರವಾಡಿ ಮಾಡಿಬಿಟ್ಟಾ!"

ಆರಾಧನೆಗೆಂದು ಕನ್ನಡಕ ಒರೆಸಿಕೊಳ್ಳುತ್ತಿದ್ದ ಪಾಸ್ಟರ್ ದೇವಿದಾಸ ಮೆಲ್ಲಗೆ ಎದ್ದು ಬಂದರು. "ಧನರಾಜ, ಇದರಾಗ ನಂದೂ ಒಂದು ಪಾಲು ತಪ್ಪು ಅದಪ್ಪಾ," ಎಂದರು.

* * *

ಅಟ್ಟ ದೊಡ್ಡದಾದ ವರ್ಷದ ಮಾತು. ಆ ಭಾನುವಾರ ಪಾಸ್ಟರ್ ದೇವಿದಾಸರು ಕರ್ತನು ಹೇಳಿದ ಸಾಹುಕಾರನ ಕತೆಯನ್ನು ಬೋಧಿಸಿದ್ದರು. ಬೆಳೆ ಹೆಚ್ಚಾಯಿತೆಂದು ಅವನು ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಿಸಲು ಹೊರಟ. ಆ ರಾತ್ರಿಯೇ ಅವನ ಜೀವ ಹೋಯಿತು.

ಮಧ್ಯಾಹ್ನ ಅವರು ಊಟಕ್ಕೆ ಕೂರುವಷ್ಟರಲ್ಲಿ ಗಯಾಬಾಯಿ ಬಾಗಿಲಲ್ಲಿದ್ದಳು. ಹಿಂದೆ ಕಾಂತಾಬಾಯಿ.

"ಪಾಸ್ಟರ್ರೀ, ನನ್ನ ಅಟ್ಟದ ಸುದ್ದಿ ನಿಮಗ ಯಾರು ಹೇಳಿದ್ರು?"

"ಯಾವ ಅಟ್ಟನವ್ವಾ?"

"ನಾಟಕ ಬ್ಯಾಡ್ರಿ. ಇಡೀ ಚರ್ಚು ನನ್ನ ಮಾರಿ ನೋಡಾಕತ್ತಿತ್ತು."

ಅಟ್ಟದ ವಿಷಯ ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅದು ಗೊತ್ತಾದಾಗ ಗಯಾಬಾಯಿ ನಾಲಿಗೆ ಕಚ್ಚಿಕೊಂಡಳು. ಹೊಸ್ತಿಲಲ್ಲೇ ಕುಕ್ಕರುಬಡಿದಳು.

"ಈಗ ನಾ ಏನ ಮಾಡ್ಲಿ? ಎಲ್ಲಾ ಕೊಟ್ಟುಬಿಡು ಅಂತೀರೇನು? ನನ್ನ ಕೈಲೆ ಆಗಂಗಿಲ್ರಿ. ದಿನಾ ಸಂಜೀಕ ಅಟ್ಟ ಹತ್ತಿ ಒಂದೊಂದು ಒರಸ್ತೀನಿ. ಅದಾ ನನ್ನ ಖುಷಿ. ಜರಾ ಕಡಿಮಿ ಮಾಡಿ ಹೇಳ್ರಿ."

"ನಾ ಅಂಗಡ್ಯಾಗ ಕುಂತಿಲ್ಲವ್ವಾ, ಕಡಿಮಿ ಮಾಡಾಕ," ಪಾಸ್ಟರು ನಕ್ಕರು. "ಆ ಸಾವ್ಕಾರಗ ದೇವರು ಒಂದು ಮಾತು ಕೇಳಿದ. ನೀ ಕೂಡಿಸಿಟ್ಟಿದ್ದೆಲ್ಲಾ ಇನ್ನ ಯಾರದಾಗ್ತದ? ಅವನ ಹತ್ರ ಜವಾಬಿರ್ಲಿಲ್ಲ. ನಿನ್ನ ಹತ್ರ ಅದೇನು?"

ಗಯಾಬಾಯಿ ಎದ್ದು ಸೆರಗು ಝಾಡಿಸಿದಳು.

"ಇಷ್ಟಾ ಹೌದಲ್ರಿ? ಯಾರದು ಅಂತ ಆತ ಕೇಳಿದ್ರ ನಾ ಓದಿ ಹೇಳ್ತೀನಿ."

ಮರುದಿನವೇ ಮೊಳೆ, ಸಣ್ಣ ಸುತ್ತಿಗೆ ಬಂದವು. ಕೈ ಕುದುರಲಿ ಎಂದು ಮೊದಲು ತಾನು ಉಣ್ಣುವ ಗಂಗಾಳದ ಮೇಲೆ ಬಡಿದಳು. ಆಮೇಲೆ ಅಟ್ಟದ ಪಾತ್ರೆಗಳ ಮೇಲೆ. ತನ್ನ ಮಗುವಿಗೆ ಹಾಲು ಕೊಟ್ಟವಳು, ಬಿಸಿಲಲ್ಲಿ ನೆರಳಿಗೆ ಕರೆದವನು, ಜಗಳ ಆಡಿದವನು, ಯಾರ್‍ಯಾರು ನೆನಪಾದರೋ ಅವರೆಲ್ಲರ ಹೆಸರು. ಕೊಡಲು ಮಾತ್ರ ಮನಸ್ಸು ಬರಲಿಲ್ಲ. "ಇರೋತನಕ ನನ್ನ ಕಣ್ಣ ಮುಂದಿರ್ಲಿ ಕಾಂತಾ," ಎನ್ನುತ್ತಿದ್ದಳು. ಸಂಜೆ ಪಾತ್ರೆ ಒರೆಸುತ್ತ ಅವುಗಳ ಜೊತೆ ಮಾತಾಡುತ್ತಿದ್ದಳು. "ನೀ ಹುಮೇರಾನಕಿ. ನಮ್ಮ ಮನಿಗೆ ಬೀಗತನಕ್ಕ ಬಂದೀ, ನೆನಪಿಟ್ಕೋ."

* * *

ಆರಾಧನೆ ಮುಗಿಯುತ್ತಲೇ ಧನರಾಜ ಪೂನಂಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದ. ಮುಖ ಕೆಂಪಾಗಿತ್ತು.

"ಊರಿಗೆಲ್ಲಾ ಹೆಸರು ಕೊರದಾಳ. ಹೊಟ್ಟ್ಯಾಗ ಹುಟ್ಟಿದ ಮಗನ ನೆನಪಾಗ್ಲಿಲ್ಲ ಆಕೀಗೆ! ಮಶೀನಿಗೆ ಕೊಟ್ಟು ಪಾಲಿಶ್ ಹೊಡಸಿದ್ರ ಚುಕ್ಕಿ ಎಲ್ಲಾ ಹೋಗ್ತಾವ."

"ಹೊಡಸ್ರಿ," ಎಂದಳು ಪೂನಂ. "ಭಾಂಡೆ ಮ್ಯಾಲಿಂದು ಹೋಗ್ತದ. ಹುಮೇರಾ ಆಪಾನ ಬಾಯಾಗಿಂದು ಹ್ಯಾಂಗ ಅಳಸ್ತೀರಿ?"

ಅಷ್ಟರಲ್ಲಿ ಹೊರಗಿನಿಂದ ಕರೆ ಬಂತು. ಪೆಟ್ಟಿಗೆ ಮುಚ್ಚಬೇಕಿತ್ತು. ಸೊಂಟದ ಚೀಲ ಏನು ಮಾಡುವುದು ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು.

"ಚಾವಿ ಸಂಗಟ ಒಯ್ತಾಳೇನು?" ಎಂದಳು ಕಾಂತಾಬಾಯಿ. "ಅಲ್ಲಿ ಬಾಗಲಾ ತಗಿಯಾವರು ಬ್ಯಾರೆ ಇದ್ದಾರ. ಬಿಚ್ಚೋ ಧನ್ಯಾ, ನೀನಾ ಬಿಚ್ಚು."

ಧನರಾಜ ಬಗ್ಗಿ ಗಂಟು ಬಿಚ್ಚಿದ. ಚೀಲದಲ್ಲಿ ಎಲೆ ಅಡಿಕೆಯ ಚೂರು, ಆ ಚಾವಿ, ಮತ್ತು ತುದಿ ಸವೆದು ಮೊಂಡಾದ ಒಂದು ಮೊಳೆ. ಮೊಳೆ ಅಂಗೈಗೆ ಬಿದ್ದಾಗ ಅವ್ವನ ಮಾತು ಕಿವಿಯ ಹತ್ತಿರವೇ ಕೇಳಿದಂತಾಯಿತು: ಅವು ನನ್ನವಲ್ಲೋ ಧನ್ಯಾ. ಅವಳು ತಪ್ಪಿಸಿಕೊಳ್ಳಲು ಹಾಗೆ ಹೇಳಿರಲಿಲ್ಲ. ಕೇಳಿದಾಗಲೆಲ್ಲ ಇದ್ದದ್ದನ್ನೇ ಹೇಳಿದ್ದಳು, ಕೇಳಿಸಿಕೊಂಡಿರಲಿಲ್ಲ ಅವನು. ಬೆಳಗಿನಿಂದ ಬಾರದ ಅಳು ಈಗ ಬಂತು. ಹೆಗಲು ಕುಣಿಯುವ ಹಾಗೆ ಅತ್ತ.

ಮೂಗು ಒರೆಸಿಕೊಂಡು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. "ಮಣ್ಣು ಕೊಟ್ಟು ಎಲ್ಲಾರೂ ಮನಿಗೆ ಬರ್ರಿ. ಯಾರೂ ಹಾಂಗಾ ಹೋಗಬ್ಯಾಡ್ರಿ."

ಸ್ಮಶಾನದಿಂದ ಬಂದ ಮೇಲೆ ಅವನು ಏಣಿ ಹತ್ತಿ ಒಂದೊಂದೇ ಹೆಸರು ಕೂಗಿದ. ಶಾಲೆಯ ಹಾಜರಿಯ ಹಾಗೆ ಜನ "ಬಂದೆ ಬಂದೆ" ಎಂದರು. ತೀರಿಕೊಂಡವರ ಹೆಸರು ಬಂದಾಗ ಅವರ ಮಕ್ಕಳು ಮುಂದೆ ಬಂದರು. ಬಾರದವರ ಪಾತ್ರೆಯನ್ನು ಅವರ ಊರಿನವರು ಹೊತ್ತುಕೊಂಡರು. ಬಸವಣಪ್ಪನಿಗೆ ಬಂದದ್ದು ದೊಡ್ಡ ಡಬ್ಬಿ. ಅದನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಮುಚ್ಚಳಾ?" ಎಂದ.

"ಅದಕ್ಕ ಇನ್ನೊಂದು ಪ್ಯಾಂಟ್ ತರಬೇಕರಿ ಸಾವ್ಕಾರ್ರ!" ಎಂದಳು ಕಾಂತಾಬಾಯಿ.

ಅಂಗಳ ಬಿದ್ದು ಬಿದ್ದು ನಕ್ಕಿತು. ಬಸವಣಪ್ಪ ನಗುತ್ತಲೇ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಹೊತ್ತು ಇಳಿಯುವಾಗ ಓಣಿಯ ತುಂಬ ಜನ ತಲೆಯ ಮೇಲೆ, ಕಂಕುಳಲ್ಲಿ ಹೊಳೆಯುವ ಪಾತ್ರೆ ಹೊತ್ತು ನಡೆದರು. ಸಾವಿನ ಮನೆಯಿಂದ ಬರುತ್ತಿದ್ದಾರೋ ಮದುವೆಯಿಂದಲೋ ಎಂದು ನೋಡಿದವರಿಗೆ ತಿಳಿಯಲಿಲ್ಲ.

* * *

ಅಟ್ಟ ಖಾಲಿಯಾಗಿತ್ತು. ಅಂದು ಸಾವಿನ ಮನೆಯಲ್ಲಿ ಅಡುಗೆ ಮಾಡುವಂತಿರಲಿಲ್ಲ. ಹುಮೇರಾ ಬಗಾರಾ ಅನ್ನ, ದಾಲ್ಚಾ ಸಾರು ತಂದಿಟ್ಟು, ಇಬ್ಬರೂ ಉಣ್ಣಲೇಬೇಕೆಂದು ಆಣೆ ಹಾಕಿ ಹೋದಳು.

"ಆ ಬೋರ್ಡು ಏನ ಮಾಡೋದು?" ಗೋಡೆಗೆ ಒರಗಿ ಕುಳಿತ ಧನರಾಜ ಕೇಳಿದ.

"ಅತ್ತಿ ಬುಟ್ಟಿ ಅದಲ್ರಿ. ಆಟೋದಾಗ ಇಟ್ಕೊಂಡು ಹೊಂಡ್ರಿ. ಬೋರ್ಡು ಆಟೋಕ್ಕಾ ಕಟ್ಟಿದ್ರಾತು," ಎಂದಳು ಪೂನಂ. ಬಡಿಸಲು ಪಾತ್ರೆ ಹುಡುಕಿ, ಕೊನೆಗೆ ಒಲೆಯ ಪಕ್ಕ ಬೋರಲು ಹಾಕಿದ್ದ ಅತ್ತೆಯ ಹಳೇ ಗಂಗಾಳವನ್ನೇ ತೊಳೆದು ತಂದು ಅವನ ಮುಂದಿಟ್ಟು ಅನ್ನ ಹಾಕಿದಳು.

ಹಸಿವು ಜೋರಾಗಿತ್ತು. ಧನರಾಜ ಗಬಗಬ ಉಂಡ. ಅನ್ನ ತಳ ಕಾಣುವ ಹೊತ್ತಿಗೆ ಬೆರಳಿಗೆ ಏನೋ ಒರಟಾಗಿ ಹತ್ತಿತು. ಅಗುಳುಗಳನ್ನು ಬದಿಗೆ ಸರಿಸಿದ. ಸೊಟ್ಟ ಸೊಟ್ಟ ಚುಕ್ಕಿಗಳು, ಕೈ ಕುದುರುವ ಮೊದಲಿನವು. ವರ್ಷಗಟ್ಟಲೆ ಬೂದಿ ಹಾಕಿ ತಿಕ್ಕಿ ತಿಕ್ಕಿ ಅರ್ಧ ಸವೆದಿದ್ದವು. ಆದರೂ ಓದಲು ಬರುತ್ತಿತ್ತು.

ಧನರಾಜ.

ಅವ್ವ ದಿನಾ ಉಂಡದ್ದು ಇದರಲ್ಲಿ.

"ಇನ್ನೊಂಚೂರು ಹಾಕ್ಲೇನ್ರಿ?" ಪೂನಂ ಅನ್ನದ ಪಾತ್ರೆ ಎತ್ತಿದಳು.

"ಹಾಕು," ಎಂದ ಅವನು. ಗಂಗಾಳದ ನಡುವಿಗೆ ಎಡಗೈ ಅಡ್ಡ ಹಿಡಿದ. "ಇಲ್ಲಿ ಬ್ಯಾಡ. ಆ ದಂಡಿಗೆ ಹಾಕು."